ಕೆರಳಿದ ಆಮ್ಲಜನಕದ ಆಯುಷ್ಯ

ಬೀದರ ಜಿಲ್ಲೆಯ ಚಿಟಗುಪ್ಪದಲ್ಲಿ ಸೂರ್ಯನು ಮುಳುಗಿ, ಮನೆಮನೆಗಳಲ್ಲಿ ದೀಪ ಹೊತ್ತಿದ ಬಳಿಕವೂ, ಊರಿನ ನೆತ್ತಿಯ ಮೇಲೆ ಸುಮಾರು 80 ಕಿಲೋಮೀಟರು ಎತ್ತರದಲ್ಲಿ ಹಗಲಿನ ಬೆಳಕೊಂದು ಇನ್ನೂ ಬಹಳ ಹೊತ್ತು ಉಳಿದಿರುತ್ತದೆ. ಅದು ಕಣ್ಣಿಗೆ ಕಾಣದು; 1.27 ಮೈಕ್ರೋಮೀಟರು ಅಲೆಯುದ್ದದ ಅವಕೆಂಪು ಕಿರಣವದು. ಅದನ್ನು ಸೂಸುವುದು ಪ್ರಾಣವಾಯುವೆನಿಸಿದ ಆಮ್ಲಜನಕವೇ!

ಸೂರ್ಯನ ಅತಿನೇರಿಳೆ ಕಿರಣಗಳು ಓಝೋನನ್ನು ಒಡೆದಾಗ ಹೊರಬೀಳುವ ಆಮ್ಲಜನಕದ ಅಣುಗಳು ಹೆಚ್ಚಿನ ಶಕ್ತಿಯನ್ನು ಹೊತ್ತು ಕೆರಳಿರುತ್ತವೆ. ಇಂತಹ ಅಣು ಏಕಾಂತದಲ್ಲಿದ್ದರೆ, ಆ ಶಕ್ತಿಯನ್ನು ಬೆಳಕಾಗಿ ಚೆಲ್ಲಿ ಶಾಂತವಾಗಲು ಸರಾಸರಿ ಒಂದು ಗಂಟೆಗೂ ಮಿಗಿಲಾದ ಕಾಲ ಹಿಡಿಯುತ್ತದೆ. ಆದರೆ ನೆಲಮಟ್ಟದ ಗಾಳಿಯಲ್ಲಿ ಏಕಾಂತವೆಲ್ಲಿಯದು? ಸೆಕೆಂಡಿಗೆ ನೂರಾರು ಕೋಟಿ ಡಿಕ್ಕಿಗಳು! ಸುಮಾರು ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿಯೇ ಅದರ ಆಟ ಮುಗಿಯುತ್ತದೆ.

ಯಾವ ಅನಿಲ ಎಷ್ಟು ಬೇಗ ಅದನ್ನು ತಣಿಸುತ್ತದೆಂಬುದನ್ನು ಅಳೆಯುವ ಉಪಾಯ ಸರಳವಾದುದು. ಗಾಜಿನ ನಳಿಗೆಯಲ್ಲಿ ಹರಿಯುವ ಆಮ್ಲಜನಕವನ್ನು ಸೂಕ್ಷ್ಮತರಂಗಗಳ ವಿದ್ಯುದ್ವಿಸರ್ಜನೆಯಿಂದ ಕೆರಳಿಸುವರು. ಬಿಡಿ ಪರಮಾಣುಗಳನ್ನು ಪಾದರಸದ ಆಕ್ಸೈಡಿನ ಲೇಪ ಹೀರಿಕೊಳ್ಳುತ್ತದೆ. ಮುಂದೆ ಪರೀಕ್ಷಿಸಬೇಕಾದ ಅನಿಲವನ್ನು ಬೆರೆಸಿ, ನಳಿಗೆಯುದ್ದಕ್ಕೂ ಬೆಳಕು ಎಷ್ಟೆಷ್ಟು ಕುಂದಿತೆಂದು ನೋಡುವರು. ಹರಿವಿನ ವೇಗ ತಿಳಿದಿರುವುದರಿಂದ ಇಲ್ಲಿ ಅಳತೆಕೋಲೇ ಗಡಿಯಾರ.

ಫಲಿತಾಂಶ ವಿಚಿತ್ರವಾಗಿದೆ. ಗಾಳಿಯ ಮುಕ್ಕಾಲು ಪಾಲಿಗಿಂತ ಹೆಚ್ಚಾಗಿರುವ ಸಾರಜನಕ ಈ ಅಣುವನ್ನು ಅಷ್ಟಾಗಿ ತಣಿಸಲಾರದು. ಕೆರಳದ ಆಮ್ಲಜನಕವೇ ಅದಕ್ಕಿಂತ ಸಮರ್ಥ. ಅಣುವಿಗೆ ಅಣು ಹೋಲಿಸಿದರೆ ನೀರಾವಿ ಇನ್ನೂ ಚುರುಕು. ದ್ರವರೂಪದ ನೀರಿನಲ್ಲಂತೂ ಕೆರಳಿದ ಅಣುವಿನ ಆಯುಷ್ಯ ಸೆಕೆಂಡಿನ ಹತ್ತು ಲಕ್ಷದ ಮೂರು-ನಾಲ್ಕು ಪಾಲು ಮಾತ್ರ. ಭಾರಜಲದಲ್ಲಿ ಅದು ಸುಮಾರು ಇಪ್ಪತ್ತು ಪಟ್ಟು ಹೆಚ್ಚು. ಭಾರವಾದ ಹೈಡ್ರೋಜನ್ ನಿಧಾನವಾಗಿ ಕಂಪಿಸುವುದರಿಂದ ಶಕ್ತಿಯನ್ನು ಸುಲಭವಾಗಿ ಎಳೆದುಕೊಳ್ಳಲಾರದು.

ಇಷ್ಟು ಶ್ರಮವೇಕೆ? ಮೇಲಿನ ಬೆಳಕಿನಿಂದ ಅಲ್ಲಿನ ಓಝೋನಿನ ಪ್ರಮಾಣವನ್ನು ಲೆಕ್ಕ ಹಾಕಬಹುದು. 1981ರಲ್ಲಿ ಹಾರಿದ ಅಮೆರಿಕದ ಉಪಗ್ರಹವೊಂದು ಹಾಗೆಯೇ ಮಾಡಿತು. ತಣಿಯುವ ವೇಗ ತಿಳಿಯದಿದ್ದರೆ ಆ ಲೆಕ್ಕವೇ ಸುಳ್ಳಾಗುತ್ತದೆ.

ಇನ್ನೊಂದು ಪ್ರಯೋಜನ ಮನುಷ್ಯನ ಒಡಲಿಗೇ ಸಂಬಂಧಿಸಿದುದು. ಕ್ಯಾನ್ಸರ್ ಗಡ್ಡೆಯಲ್ಲಿ ಸೇರಿಕೊಂಡು, ಬೆಳಕು ಬಿದ್ದೊಡನೆ ಆಮ್ಲಜನಕವನ್ನು ಕೆರಳಿಸುವ ಔಷಧಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಇಂತಹ ಸಂಯುಕ್ತಗಳ ಸಂಶೋಧನೆ ನಡೆದಿದೆ. ಕೆರಳಿದ ಅಣು ರೋಗದ ಜೀವಕೋಶವನ್ನು ಸುಡುತ್ತದೆ. ದೂರ ಹೋಗುವ ಮೊದಲೇ ತಣಿಯುವುದರಿಂದ ಬೆಳಕು ಬೀಳದ ಅಂಗಾಂಶ ಉಳಿಯುತ್ತದೆ. ಅಲ್ಪಾಯುಷ್ಯವೇ ಇಲ್ಲಿ ರೋಗಿಯ ಪಾಲಿನ ವರ.