ಜೀವವಿಕಾಸದ ಪಾಠಕ್ಕೆ ಜೈನ ಸಮಾಜ ಅಂಜಬೇಕೆ?

ಶಿಗ್ಗಾವಿ ತಾಲ್ಲೂಕಿನ ಬಂಕಾಪುರಕ್ಕೆ ಜೈನ ಸಾಹಿತ್ಯದ ಇತಿಹಾಸದಲ್ಲಿ ವಿಶಿಷ್ಟವಾದ ಸ್ಥಾನವಿದೆ. ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ ಬಂಕೆಯನ ಹೆಸರನ್ನು ಹೊತ್ತ ಈ ಊರಿನಲ್ಲಿ, ಅವನ ಮಗ ಲೋಕಾದಿತ್ಯನು ಆಳುತ್ತಿದ್ದಾಗ, ಶಕವರ್ಷ 820ರಲ್ಲಿ, ಎಂದರೆ ಕ್ರಿ.ಶ. 898ರಲ್ಲಿ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ಸಂದಿತು. ಗುರುಗಳಾದ ಜಿನಸೇನಾಚಾರ್ಯರು ಅಪೂರ್ಣವಾಗಿ ಬಿಟ್ಟುಹೋಗಿದ್ದ ಮಹಾಪುರಾಣವನ್ನು ಶಿಷ್ಯರು ಹೀಗೆ ಪೂರ್ಣಗೊಳಿಸಿದರು. ಅದೇ ಮಹಾಪುರಾಣದ ಪೂರ್ವಭಾಗದಲ್ಲಿ ಜಿನಸೇನರು, ಜಗತ್ತನ್ನು ಒಬ್ಬ ಕರ್ತೃ ಸೃಷ್ಟಿಸಿದನೆಂಬ ವಾದವನ್ನು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಖಂಡಿಸಿದ್ದಾರೆ. ಹನ್ನೊಂದು ಶತಮಾನಗಳ ಹಿಂದೆ ಅಂಥ ಪ್ರಶ್ನೆಗಳಿಗೆ ಅಂಜದ ಪರಂಪರೆಯ ವಾರಸುದಾರರು ಇಂದು ಒಂದು ಶಾಲಾಪಾಠದ ವಿಷಯದಲ್ಲಿ ಮೌನ ತಾಳಿರುವುದು ಸೋಜಿಗದ ಸಂಗತಿ.

ಆ ಪಾಠ ಜೀವವಿಕಾಸದ್ದು. ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂಬ ಅಧ್ಯಾಯವಿತ್ತು. ಕೋವಿಡ್ ಕಾಲದಲ್ಲಿ ಮಕ್ಕಳ ಹೊರೆ ತಗ್ಗಿಸುವುದೆಂಬ ಕಾರಣದಿಂದ ಪಠ್ಯಕ್ಕೆ ಕತ್ತರಿ ಬಿತ್ತು. 2023ರಲ್ಲಿ ಬಂದ ಪುಸ್ತಕದಲ್ಲಿ ಅಧ್ಯಾಯದ ಹೆಸರು ‘ಅನುವಂಶೀಯತೆ’ ಎಂದಷ್ಟೇ ಉಳಿಯಿತು. ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ಬಹಿರಂಗ ಪತ್ರಕ್ಕೆ ಸಹಿ ಹಾಕಿ ಪ್ರತಿಭಟಿಸಿದರು. ಹನ್ನೆರಡನೆಯ ತರಗತಿಯಲ್ಲಿ ಈ ಪಾಠ ಇದ್ದೇ ಇದೆಯೆಂಬ ಸಮಾಧಾನ ಹೇಳಲಾಯಿತು.

ಈ ಸಮಾಧಾನ ಯಾರಿಗೆ? ಹನ್ನೆರಡನೆಯ ತರಗತಿಯಲ್ಲಿ ಅದನ್ನು ಓದುವವರು ಜೀವಶಾಸ್ತ್ರ ಆರಿಸಿಕೊಂಡವರು ಮಾತ್ರ. ವರ್ತಕರ ಮನೆಯ ಮಗ ಹತ್ತನೆಯ ತರಗತಿ ದಾಟಿ ವಾಣಿಜ್ಯ ವಿಭಾಗ ಸೇರುತ್ತಾನೆ. ಮಗಳು ಕಲಾ ವಿಭಾಗ ಸೇರುತ್ತಾಳೆ. ಇಂಥವರಿಗೆ ಜೀವಶಾಸ್ತ್ರದ ಕೊನೆಯ ಪಾಠ ಹತ್ತನೆಯ ತರಗತಿಯದೇ. ಅಲ್ಲಿ ಬಿಟ್ಟುಹೋದದ್ದು ಬದುಕಿನುದ್ದಕ್ಕೂ ಬಿಟ್ಟುಹೋಯಿತೆಂದೇ ಅರ್ಥ. ಅನುವಂಶೀಯತೆಯನ್ನು ಉಳಿಸಿ ವಿಕಾಸವನ್ನು ತೆಗೆಯುವುದೆಂದರೆ ದಿನದಿನದ ಕಿರ್ದಿ ಇಟ್ಟುಕೊಂಡು ಖತಾವಣಿಯನ್ನು ಹರಿದು ಹಾಕಿದಂತೆ. ನಮೂದುಗಳು ಇರುತ್ತವೆ, ಅವುಗಳಿಂದ ಏನು ಸಿದ್ಧಿಸಿತೆಂಬುದು ತಿಳಿಯುವುದಿಲ್ಲ.

ಸಮಾಜದಲ್ಲಿ ಈ ಪಾಠದ ಬಗ್ಗೆ ಕೇಳಿಬರುವ ಆಕ್ಷೇಪಗಳು ಮುಖ್ಯವಾಗಿ ಮೂರು. ಮೊದಲನೆಯದು, ಮಂಗನಿಂದ ಮಾನವನೆಂದು ಹೇಳುವುದು ಅವಮಾನವೆಂಬುದು. 2018ರ ಜನವರಿಯಲ್ಲಿ ಕೇಂದ್ರದ ಸಚಿವರೊಬ್ಬರು, ಮಂಗ ಮನುಷ್ಯನಾದದ್ದನ್ನು ಪೂರ್ವಜರಾರೂ ಕಂಡಿಲ್ಲವೆಂದು ಹೇಳಿದಾಗ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದವು. ಇಂದಿನ ಮಂಗವೂ ಇಂದಿನ ಮನುಷ್ಯನೂ ಬಹುಪ್ರಾಚೀನವಾದ ಒಂದೇ ಮೂಲದಿಂದ ಕವಲೊಡೆದು ಬಂದವರೆಂಬುದೇ ವಿಜ್ಞಾನದ ನಿಲುವು. ಅಷ್ಟಕ್ಕೂ ಜೈನನಿಗೆ ಇದರಲ್ಲಿ ಅವಮಾನವೇನು? ಪಾರ್ಶ್ವನಾಥ ಸ್ವಾಮಿಯ ಜೀವ ಹಿಂದಿನ ಭವವೊಂದರಲ್ಲಿ ಆನೆಯಾಗಿತ್ತು. ವರ್ಧಮಾನ ಸ್ವಾಮಿಯ ಜೀವ ಸಿಂಹವಾಗಿತ್ತು. ಬಂಕಾಪುರದಲ್ಲಿ ಪೂಜೆಗೊಂಡ ಉತ್ತರಪುರಾಣವೇ ಈ ಭವಾವಳಿಗಳನ್ನು ಹೇಳುತ್ತದೆ. ತೀರ್ಥಂಕರರ ಜೀವಕ್ಕೆ ತಿರ್ಯಂಚ ಗತಿ ಕುಂದಲ್ಲವೆಂದು ಭಕ್ತಿಯಿಂದ ಆಲಿಸುವವರು, ತಮ್ಮ ದೇಹಕ್ಕೆ ಪ್ರಾಣಿಗಳೊಡನೆ ನಂಟಿದೆಯೆಂದಾಗ ಮುಖ ತಿರುಗಿಸುವುದು ಧರ್ಮಶ್ರದ್ಧೆಯ ಲಕ್ಷಣವಲ್ಲ, ಮಾನಕಷಾಯದ ಲಕ್ಷಣ.

ಎರಡನೆಯದು ಆಕ್ಷೇಪದಂತೆ ಕಾಣದ ಆಕ್ಷೇಪ: ಇದೆಲ್ಲ ಆಗಮಗಳಲ್ಲಿ ಮೊದಲೇ ಇದೆ, ಹೊಸದಾಗಿ ಕಲಿಯುವುದೇನೂ ಇಲ್ಲವೆಂಬುದು. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ಜೀವಗಳನ್ನು ವಿಂಗಡಿಸಿದ ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯವನ್ನು ಇದಕ್ಕೆ ಆಧಾರವಾಗಿ ತೋರಿಸುತ್ತಾರೆ. ಅದು ಜೀವದ ಬಗೆಗಿನ ಕಾಳಜಿಯಿಂದ ಹುಟ್ಟಿದ ವರ್ಗೀಕರಣ. ಯಾವ ಜೀವಕ್ಕೆ ಎಷ್ಟು ನೋವು ತಟ್ಟೀತೆಂಬ ಅರಿವು ಅದರ ಫಲ. ಆದರೆ ಹುಳುವಿನಿಂದ ಇರುವೆ ಬಂತೆಂದು ಉಮಾಸ್ವಾತಿಗಳು ಎಲ್ಲಿಯೂ ಹೇಳಿಲ್ಲ. ಹೇಳದಿದ್ದುದನ್ನು ಆಚಾರ್ಯರ ಬಾಯಲ್ಲಿ ಹಾಕುವುದು ಗೌರವವಲ್ಲ. ಇರುವೆಯನ್ನು ಆ ಸೂತ್ರದ ಪರಂಪರೆ ಕಣ್ಣಿಲ್ಲದ ತ್ರೀಂದ್ರಿಯವೆನ್ನುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡುವ ಬಾಲಕ ಬಹುಪಾಲು ಇರುವೆಗಳಿಗೆ ಸಂಯುಕ್ತ ಕಣ್ಣುಗಳಿರುವುದನ್ನು ಕಾಣುತ್ತಾನೆ. ಅವನಿಗೆ ಎರಡನ್ನೂ ನೇರವಾಗಿ ಹೇಳಬೇಕು. ಕಾಲಚಕ್ರದ ವಿಚಾರದಲ್ಲಿಯೂ, ಪೂರ್ವಕಾಲದ ಮನುಷ್ಯರ ದೇಹಪ್ರಮಾಣದ ವಿಚಾರದಲ್ಲಿಯೂ ಆಗಮದ ಮಾತೂ ಭೂಗರ್ಭದ ಸಾಕ್ಷ್ಯವೂ ಹೊಂದುವುದಿಲ್ಲ. ಹೊಂದುವುದೆಂದು ನಟಿಸಿದರೆ ಮಗು ಎರಡರ ಮೇಲೂ ನಂಬಿಕೆ ಕಳೆದುಕೊಳ್ಳುತ್ತದೆ. ಸ್ಯಾದ್ವಾದವನ್ನು ಇಲ್ಲಿ ಗುರಾಣಿಯಾಗಿ ಹಿಡಿಯುವವರೂ ಇದ್ದಾರೆ. ಯಾವ ನಯದಿಂದ ಯಾವ ಮಾತು ಸಲ್ಲುತ್ತದೆಂದು ನಿಖರವಾಗಿ ಹೇಳುವುದು ಸ್ಯಾದ್ವಾದ. ಯಾವ ಮಾತನ್ನೂ ಹೇಳದೆ ಜಾರಿಕೊಳ್ಳುವುದಲ್ಲ. ವಿಜ್ಞಾನ ಹೇಳುವುದು ಔದಾರಿಕ ಶರೀರದ ಚರಿತ್ರೆಯನ್ನು; ಆತ್ಮದ ಬಗ್ಗೆ ಅದು ವಿಧಿಸುವುದೂ ಇಲ್ಲ, ನಿಷೇಧಿಸುವುದೂ ಇಲ್ಲ.

ಮೂರನೆಯ ಆಕ್ಷೇಪ, ಬಲಶಾಲಿಯೇ ಬದುಕುವನೆಂಬ ಪಾಠ ಅಹಿಂಸೆಗೆ ವಿರೋಧವೆಂಬುದು. ಇದನ್ನು ಎತ್ತುವವರು ಬಂಕಾಪುರದ ಕೋಟೆಗೆ ಹೋಗಿ ನೋಡಬೇಕು. 2006ರಲ್ಲಿ ನವಿಲುಧಾಮವೆಂದು ಘೋಷಿತವಾದ ಸ್ಥಳವದು. ಗಂಡು ನವಿಲಿನ ಉದ್ದನೆಯ ಗರಿಗಳು ಹೋರಾಟಕ್ಕೆ ಒದಗುವುದಿಲ್ಲ, ಹಾರುವುದಕ್ಕೆ ಭಾರ, ಶತ್ರುವಿನ ಕಣ್ಣಿಗೆ ಬೇಗ ಬೀಳುತ್ತವೆ. ಬಲವೊಂದೇ ಗೆಲ್ಲುವುದಾದರೆ ಅವು ಎಂದೋ ಇಲ್ಲವಾಗಬೇಕಿತ್ತು. ಡಾರ್ವಿನನನ್ನೂ ಈ ಗರಿ ಬಹಳ ಕಾಡಿತು. ಹೆಣ್ಣು ನವಿಲು ಚೆಲುವಾದ ಗರಿಯವನನ್ನು ಆರಿಸುತ್ತ ಬಂದುದರಿಂದ ತಲೆಮಾರಿನಿಂದ ತಲೆಮಾರಿಗೆ ಆ ಗುಣ ಬೆಳೆಯಿತೆಂದು ಅವನು 1871ರ ಗ್ರಂಥದಲ್ಲಿ ವಿವರಿಸಿದನು. ಅದೇ ಕೋಟೆಯ ಆವರಣದಲ್ಲಿ ಖಿಲಾರಿ ದನಗಳ ತಳಿ ಸಂವರ್ಧನಾ ಕ್ಷೇತ್ರವೂ ಇದೆ. ಗುಣವಂತ ಹೋರಿಯನ್ನು ಆರಿಸಿ ತಳಿ ಬೆಳೆಸುವ ಈ ಕ್ರಮ ರೈತನಿಗೆ ಹೊಸದಲ್ಲ. ಸಾಕುಪ್ರಾಣಿಗಳಲ್ಲಿ ಮನುಷ್ಯ ಮಾಡುವ ಇಂಥ ಆಯ್ಕೆಯಿಂದಲೇ ಡಾರ್ವಿನನು 1859ರ ತನ್ನ ಗ್ರಂಥವನ್ನು ಆರಂಭಿಸಿದ್ದನು. ಪ್ರಕೃತಿಯಲ್ಲಿ ಏನು ನಡೆಯುತ್ತದೆಂಬುದು ಒಂದು, ಮನುಷ್ಯ ಏನು ಮಾಡಬೇಕೆಂಬುದು ಇನ್ನೊಂದು. ಲೆಕ್ಕದ ಪುಸ್ತಕ ನಷ್ಟವನ್ನು ತೋರಿಸಿದರೆ ನಷ್ಟ ಮಾಡೆಂದು ಅದು ಬೋಧಿಸಿದಂತಾಗುವುದಿಲ್ಲ. ಸಕಲ ಜೀವರಾಶಿಗೂ ರಕ್ತಸಂಬಂಧವಿದೆಯೆಂದು ತಿಳಿದ ಮಗು ಅಹಿಂಸೆಗೆ ಇನ್ನಷ್ಟು ಹತ್ತಿರವಾಗುತ್ತದೆಯೇ ಹೊರತು ದೂರವಾಗುವುದಿಲ್ಲ.

ಇನ್ನು ಧರ್ಮದ ದೃಷ್ಟಿಯಿಂದಲೇ ನೋಡೋಣವೆಂದರೆ, ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣವಾದ ದೋಷಗಳಲ್ಲಿ ನಿಹ್ನವವನ್ನೂ ಅಂತರಾಯವನ್ನೂ ತತ್ತ್ವಾರ್ಥಸೂತ್ರ ಹೆಸರಿಸಿದೆ. ತಿಳಿದುದನ್ನು ಮರೆಮಾಚುವುದು ನಿಹ್ನವ. ಕಲಿಯುವವನಿಗೆ ಅಡ್ಡಿಯಾಗುವುದು ಅಂತರಾಯ. ಪಾಠವನ್ನು ಪುಸ್ತಕದಿಂದ ತೆಗೆದವರು ಯಾವ ಉದ್ದೇಶದಿಂದ ತೆಗೆದಿದ್ದರೂ, ಅದನ್ನು ಕಲಿಸಬಲ್ಲವರು ಸುಮ್ಮನಿದ್ದರೆ ಆ ದೋಷದಲ್ಲಿ ಪಾಲುದಾರರೇ.

ಆದ್ದರಿಂದ ಪ್ರೌಢಶಾಲೆ, ವಿದ್ಯಾರ್ಥಿನಿಲಯ, ಪಾಠಶಾಲೆಗಳನ್ನು ನಡೆಸುವ ಬಸದಿಗಳ ಟ್ರಸ್ಟುಗಳು ಸರಕಾರದ ಪುಸ್ತಕ ಬದಲಾಗಲೆಂದು ಕಾಯಬೇಕಾಗಿಲ್ಲ. ಪರೀಕ್ಷೆಗೆ ಬಾರದಿದ್ದರೂ ವರ್ಷದಲ್ಲಿ ನಾಲ್ಕು ತಾಸು ಈ ಪಾಠಕ್ಕೆ ಮೀಸಲಿಡಲಿ. ಒಳ್ಳೆಯ ವಿಜ್ಞಾನ ಶಿಕ್ಷಕರನ್ನು ಕರೆಸಿ, ಪಂಡಿತರ ಪಕ್ಕದಲ್ಲಿಯೇ ಕೂರಿಸಿ, ಮಕ್ಕಳು ಇಬ್ಬರನ್ನೂ ನಿರ್ಭಯವಾಗಿ ಪ್ರಶ್ನಿಸಲಿ. ಪಂಚಕಲ್ಯಾಣ ಉತ್ಸವಕ್ಕೆ ಲಕ್ಷಗಟ್ಟಲೆ ಕೂಡಿಸುವ ಸಮಾಜಕ್ಕೆ ಒಂದು ಸೂಕ್ಷ್ಮದರ್ಶಕದ ಖರ್ಚು ಭಾರವಲ್ಲ. ಸೂಕ್ಷ್ಮ ಜೀವಿಗೂ ನೋವಾಗದಿರಲೆಂದು ಮುನಿಗಳು ಹಿಡಿಯುವ ಪಿಂಛಿ, ನವಿಲು ತಾನಾಗಿ ಉದುರಿಸಿದ ಗರಿಗಳದು. ಆ ಪಿಂಛಿಗೆ ನಮಸ್ಕರಿಸುವ ಮಗುವಿಗೆ ಆ ಗರಿಯ ಚರಿತ್ರೆಯನ್ನೂ ತಿಳಿಯುವ ಹಕ್ಕಿದೆ. ಅದನ್ನು ತಿಳಿಸಿಕೊಡುವುದು ಶಾಸ್ತ್ರದಾನವೇ.