ಒರಗಿ ಕೂರೋ ಸೀಟು ಬೇಕು, ಬಾನೆಟ್ ಮೇಲಿನ ಬ್ಯಾಡ್ಜಲ್ಲ



ಹೋದ ಭಾನುವಾರ ಒಂದು ಫೋಟೊ ಹಾಕಿದ್ದೆ. ನಮ್ಮವ್ವ ಕಾರಿನ ಹಿಂದಿನ ಸೀಟಲ್ಲಿ ಕೂತಿರೋ ಫೋಟೊ. ಕಾರು ಹೊಸದಲ್ಲ, 2013ರ ಟೊಯೋಟ ಕ್ಯಾಮ್ರಿ, ಪೆಟ್ರೋಲು. ತುಂಬಾ ಜನ ಜೈಭೀಮ್ ಹೇಳಿದ್ರಿ, ಖುಷಿಯಾಯ್ತು. ಜೊತೆಗೆ ಎರಡು ಕಾಮೆಂಟು ಬಂದವು. ಪ್ರಗತಿಪರ ಗೆಳೆಯರೊಬ್ಬರು "ಮೇಡಂ, ಹೋರಾಟಗಾರರಿಗೆ ಸರಳತೆಯೇ ಶೋಭೆ" ಅಂತ ಬರೆದರು. ನಮ್ಮ ಹುಡುಗನೇ ಒಬ್ಬ "ಅಕ್ಕಾ, ಇನ್ನೊಂಚೂರು ಹಾಕಿದ್ರೆ ಬೆಂಜೇ ಬರ್ತಿತ್ತಲ್ಲ, ಹೋಗಿ ಹೋಗಿ ಹಳೇ ಕ್ಯಾಮ್ರಿ ಯಾಕೆ?" ಅಂತ ಕೇಳಿದ. ಒಬ್ಬರಿಗೆ ನಾನು ಮಾಡಿದ್ದು ಜಾಸ್ತಿಯಾಯ್ತು, ಇನ್ನೊಬ್ಬನಿಗೆ ಕಮ್ಮಿಯಾಯ್ತು.

ಇಬ್ಬರಿಗೂ ಇಲ್ಲೇ ಉತ್ತರ ಕೊಡ್ತೀನಿ. ಹುಡುಗನಿಗೆ ಹೇಳೋದು ಹೆಚ್ಚಿದೆ, ಯಾಕಂದ್ರೆ ಅವನು ಮುಂದಿನ ತಿಂಗಳು ಸಾಲ ಮಾಡಿ ಗಾಡಿ ತರೋಕೆ ಹೊರಟಿದಾನೆ.

ಮೊದಲು ದುಡ್ಡಿನ ಲೆಕ್ಕ. ಇದು ಸಂಘಟನೆಯ ದುಡ್ಡಲ್ಲ. ಮೂವತ್ತು ವರ್ಷ ಹೈಸ್ಕೂಲಲ್ಲಿ ಪಾಠ ಮಾಡಿ ನಿವೃತ್ತಳಾದಾಗ ಬಂದ ಹಣದಲ್ಲಿ ಏಳು ಲಕ್ಷ ತೆಗೆದಿಟ್ಟಿದ್ದೆ. ಬೆನ್ನುಮೂಳೆಯ ಡಿಸ್ಕು ಜಾರಿದೆ. ಡಾಕ್ಟರು ಬಸ್ಸಿನ ಕೊನೇ ಸೀಟು ಬೇಡವೇ ಬೇಡ ಅಂದಿದಾರೆ. ಆದ್ರೆ ನಮ್ಮ ಕೆಲಸ ಎಲ್ಲಿ? ಇವತ್ತು ನಂಜನಗೂಡು, ನಾಳೆ ಕೊಳ್ಳೇಗಾಲ, ಆಮೇಲೆ ಗುಂಡ್ಲುಪೇಟೆ. ಎಲ್ಲೋ ದೇವಸ್ಥಾನದ ಬಾಗಿಲು ಹಾಕಿದ್ರು ಅಂತ ರಾತ್ರಿ ಫೋನು ಬಂದ್ರೆ ಬೆಳಿಗ್ಗೆ ಸ್ಟೇಷನ್ ಮುಂದೆ ಇರಬೇಕು. ಅವ್ವನಿಗೆ ಎಂಬತ್ತು ದಾಟಿದೆ, ಎರಡೂ ಮಂಡಿ ಹೋಗಿವೆ. ಎತ್ತರದ ಗಾಡಿಗೆ ಹತ್ತೋಕಾಗಲ್ಲ, ತಗ್ಗಿನ ಸಣ್ಣ ಕಾರಿಂದ ಏಳೋಕಾಗಲ್ಲ. ಬಾಗಿಲು ಅಗಲ ತೆರೆಯೋ, ಸೀಟು ಮಂಡಿ ಎತ್ತರಕ್ಕಿರೋ, ಹೊಂಡಕ್ಕೆ ಬಿದ್ರೆ ಬೆನ್ನಿಗೆ ಹೊಡೆಯದ ಗಾಡಿ ಬೇಕಿತ್ತು. ಹೊಸದಾಗಿ ಅಂಥದ್ದು ಏಳು ಲಕ್ಷಕ್ಕೆ ಬರಲ್ಲ. ಅದಕ್ಕೇ ಸೆಕೆಂಡ್ ಹ್ಯಾಂಡು.

ಈಗ ಸರಳತೆಯ ಮಾತು. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಎರಡು ಪ್ರಯಾಣದ ಕತೆ ಹೇಳಿದಾರೆ. ಒಂದು 1901ರದ್ದು. ಅಪ್ಪನನ್ನು ನೋಡೋಕೆ ಕೋರೆಗಾಂವ್‌ಗೆ ಹೊರಟ ಮಕ್ಕಳು ಮಸೂರ್ ಸ್ಟೇಷನ್ನಲ್ಲಿ ಇಳೀತಾರೆ. ಮಹಾರರು ಅಂತ ಗೊತ್ತಾದ ಮೇಲೆ ಯಾವ ಗಾಡಿಯವನೂ ಬರಲ್ಲ. ಕೊನೆಗೆ ಒಬ್ಬ ಎರಡು ಪಟ್ಟು ಬಾಡಿಗೆಗೆ ಒಪ್ತಾನೆ, ಆದ್ರೆ ಎತ್ತು ಹೊಡೆಯೋದು ಮಕ್ಕಳೇ, ಅವನು ಪಕ್ಕದಲ್ಲಿ ನಡ್ಕೊಂಡು ಬರೋದು. ಎರಡನೇದು 1929ರದ್ದು, ಚಾಳೀಸ್‌ಗಾಂವ್. ಆಗ ಅವರು ವಿದೇಶದಲ್ಲಿ ಓದಿ ಬಂದ ಬ್ಯಾರಿಸ್ಟರು, ಸರ್ಕಾರಿ ಸಮಿತಿಯ ಸದಸ್ಯರು. ಆದ್ರೂ ಟಾಂಗಾದವರು ಅವರನ್ನ ಕೂರಿಸ್ಕೊಂಡು ಓಡಿಸೋಕೆ ಒಪ್ಪಲಿಲ್ಲ. ಟಾಂಗಾ ಬಾಡಿಗೆಗೆ ಸಿಕ್ತು, ಓಡಿಸೋನು ಸಿಗಲಿಲ್ಲ. ಅಭ್ಯಾಸವಿಲ್ಲದ ನಮ್ಮವನೊಬ್ಬ ಓಡಿಸೋಕೆ ಹೋಗಿ ಸೇತುವೆ ಹತ್ರ ಅಪಘಾತವಾಯ್ತು, ಬಾಬಾಸಾಹೇಬರ ಕಾಲು ಮುರೀತು.

ಬ್ಯಾರಿಸ್ಟರಿಗೂ ನೆಮ್ಮದಿಯಾಗಿ ಕೂತ್ಕೊಂಡು ಹೋಗೋ ಹಕ್ಕು ಇರಲಿಲ್ಲ ಅನ್ನೋದು ನಮ್ಮ ಚರಿತ್ರೆ. ಮದುವೆ ಗಂಡು ಕುದುರೆ ಹತ್ತಿದ ಅಂತ ಹೊಡೆಯೋ ಸುದ್ದಿ ಈ ದೇಶದಲ್ಲಿ ಇನ್ನೂ ಬರ್ತಾನೇ ಇದೆ. ಹಂಗಾಗಿ, ಗೆಳೆಯರೇ, ಮೂರು ತಲೆಮಾರು ಮೆತ್ತನೆ ಸೀಟಲ್ಲಿ ಕೂತು ಆಮೇಲೆ ಸೈಕಲ್ ಹತ್ತೋದು ಸರಳತೆ. ನಮ್ಮವ್ವ ಬರಿಗಾಲಲ್ಲಿ ನಡೆದಿದ್ದು ಸರಳತೆ ಅಲ್ಲ, ಚಪ್ಪಲಿ ಹಾಕ್ಕೊಂಡು ಆ ಬೀದಿಗೆ ಹೋಗಂಗಿರಲಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಇನ್ನು ನಮ್ಮ ಹುಡುಗನಿಗೆ.

ತಮ್ಮಾ, ನಿನಗೊಂದು ಸಂಗತಿ ಹೇಳ್ತೀನಿ, ಹೆಸರು ಬೇಡ. ನಮ್ಮ ಜೊತೆ ಇದ್ದ ಒಬ್ಬ ಒಳ್ಳೇ ಭಾಷಣಕಾರ, ಎಂಟು ವರ್ಷದ ಹಿಂದೆ ಜರ್ಮನ್ ಕಂಪನಿಯ ಹಳೇ ಕಾರೊಂದನ್ನ ಸಾಲ ಮಾಡಿ ತಂದ. ನಾವೆಲ್ಲ ಹೆಮ್ಮೆಪಟ್ವಿ, ಹಾರನೂ ಹಾಕಿದ್ವಿ. ಐದನೇ ತಿಂಗಳಿಗೆ ಗೇರ್‌ಬಾಕ್ಸ್ ಕೈಕೊಡ್ತು. ಗ್ಯಾರೇಜಿನವರು ಹೇಳಿದ ಮೊತ್ತ ಅವನ ವರ್ಷದ ಸಂಪಾದನೆಯ ಹತ್ರ ಇತ್ತು. ಕಾರು ಎರಡು ತಿಂಗಳು ಅಲ್ಲೇ ನಿಂತಿತ್ತು. ಆಮೇಲೆ ಒಬ್ಬ ರಾಜಕಾರಣಿ ಬಿಲ್ ಕಟ್ಟಿದ. ಮುಂದಿನ ವರ್ಷ ಆ ರಾಜಕಾರಣಿಯ ಊರಲ್ಲೇ ನಮ್ಮ ಕೇರಿಯವರಿಗೆ ಬಹಿಷ್ಕಾರ ಹಾಕಿದಾಗ ನಮ್ಮ ಭಾಷಣಕಾರನ ಫೋನು ಸ್ವಿಚ್ ಆಫ್ ಆಗಿತ್ತು.

ಅವನು ಕಾರು ತಗೊಂಡಿದ್ದು ತಪ್ಪಲ್ಲ. ನಿಭಾಯಿಸೋಕಾಗದ ಕಾರು ತಗೊಂಡಿದ್ದು ತಪ್ಪು. ಬಿಲ್ಲು ಬಂದಾಗ ಯಾರ ಮನೆ ಬಾಗಿಲಿಗೂ ಹೋಗದೆ ಕಟ್ಟೋಕಾಗುತ್ತಾ? ಈ ಒಂದು ಪ್ರಶ್ನೆ ಇಟ್ಕೊಂಡೇ ನಾನು ನಾಲ್ಕು ತಿಂಗಳು ಗಾಡಿ ಹುಡುಕಿದ್ದು.

ಅದರಲ್ಲಿ ಕಲಿತ ಮೊದಲ ಪಾಠ: ಕಾರಿನ ರೇಟು ಇಳಿಯುತ್ತೆ, ಅದರ ಸ್ಪೇರ್ ಪಾರ್ಟ್ಸಿನ ರೇಟು ಇಳಿಯಲ್ಲ. ನಲವತ್ತು ಲಕ್ಷದ ಬೆಂಜ್ ಹನ್ನೆರಡು-ಹದಿಮೂರು ವರ್ಷಕ್ಕೆ ಆರೇಳು ಲಕ್ಷಕ್ಕೆ ಸಿಗಬಹುದು. ಆದ್ರೆ ಅದರ ಹೆಡ್‌ಲೈಟು, ಸಸ್ಪೆನ್ಷನ್ನು, ಗೇರ್‌ಬಾಕ್ಸು ಇವತ್ತಿಗೂ ನಲವತ್ತು ಲಕ್ಷದ ಕಾರಿನವೇ. ಅದಕ್ಕೇ ಅದು ಅಷ್ಟು ಅಗ್ಗ. ಮಾರೋನು ದಡ್ಡ ಅಲ್ಲ ತಮ್ಮಾ, ಮುಂದೆ ಬರೋ ಬಿಲ್ಲು ಅವನಿಗೆ ಗೊತ್ತು. ಏರ್ ಸಸ್ಪೆನ್ಷನ್ ಇರೋ ಹಳೇ ಗಾಡಿ ಹತ್ರಕ್ಕೂ ಹೋಗಬೇಡ. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಒಂದು ಕಡೆ ಕುಸಿದು ಕೂತಿದ್ರೆ ಗಾಳಿ ಸೋರ್ತಿದೆ ಅಂತ ಅರ್ಥ.

ಎರಡನೇ ಪಾಠ: ಕೈಲಿರೋ ದುಡ್ಡನ್ನೆಲ್ಲ ಕಾರಿಗೇ ಸುರೀಬೇಡ. ಏಳು ಲಕ್ಷದಲ್ಲಿ ನಾನು ಕಾರಿಗೆ ಕೊಟ್ಟಿದ್ದು ಐದೂಕಾಲು. ಉಳಿದಿದ್ರಲ್ಲಿ ಟೈರು, ಬ್ಯಾಟರಿ, ಎಲ್ಲ ಆಯಿಲ್ಲು, ಬುಷ್‌ಗಳು, ಇನ್ಶೂರೆನ್ಸು, ವರ್ಗಾವಣೆ ಖರ್ಚು. ಮಿಕ್ಕಿದ್ದು ಬ್ಯಾಂಕಲ್ಲಿದೆ, ಅದು ಕಾರಿನ ಆಪತ್ತಿನ ದುಡ್ಡು. ಹಳೇ ಕಾರಿನ ಸಾಲಕ್ಕೆ ಸಾಮಾನ್ಯವಾಗಿ ಹೊಸ ಕಾರಿನ ಸಾಲಕ್ಕಿಂತ ಬಡ್ಡಿ ಜಾಸ್ತಿ. ಸಾಲ ಮಾಡಲೇಬೇಕಂದ್ರೆ ಕಂತಿನ ಜೊತೆ ತಿಂಗಳ ರಿಪೇರಿ ದುಡ್ಡನ್ನೂ ಸೇರಿಸಿ ಲೆಕ್ಕ ಹಾಕು.

ನೋಡಿದ ಗಾಡಿಗಳ ಬಗ್ಗೆ ಹೇಳ್ತೀನಿ. ಹಿಂದಿನ ಸೀಟಿನ ಜಾಗದಲ್ಲಿ ಸ್ಕೋಡಾ ಸೂಪರ್ಬ್‌ನ ಮೀರಿಸೋದು ಕಷ್ಟ, ಕಾಲು ಚಾಚಿದ್ರೂ ಮುಂದಿನ ಸೀಟು ಸಿಗಲ್ಲ. ಎರಡನೇ ತಲೆಮಾರಿನ ಸೂಪರ್ಬ್‌ನಲ್ಲಿ 1.8 ಪೆಟ್ರೋಲಿಗೆ 7 ಸ್ಪೀಡಿನ ಡಿಎಸ್‌ಜಿ, 2.0 ಡೀಸೆಲ್ಲಿಗೆ 6 ಸ್ಪೀಡಿನದು. ಆರರದ್ದರಲ್ಲಿ ಕ್ಲಚ್ಚು ಎಣ್ಣೆಯಲ್ಲಿ ಮುಳುಗಿರುತ್ತೆ, ಏಳರದ್ದು ಒಣ ಕ್ಲಚ್ಚು. ಹಳೇ ಗಾಡೀಲಿ ಮೆಕ್ಯಾನಿಕ್‌ಗಳು ಹೆಚ್ಚು ಹೆದರೋದು ಈ ಏಳರದ್ದಕ್ಕೆ. ಯಾವುದೇ ಇರಲಿ, ಟ್ರಾಫಿಕ್ಕಲ್ಲಿ ತೆವಳಿಸಿ ನೋಡು, ರಿವರ್ಸ್ ಹಾಕಿ ನೋಡು. ಜರ್ಕ್ ಹೊಡೆದ್ರೆ ಕೈ ಮುಗಿದು ಬಂದುಬಿಡು. ನಾನು ನೋಡಿದ ಡೀಸೆಲ್ ಸೂಪರ್ಬ್ ಚೆನ್ನಾಗೇ ಇತ್ತು, ಆದ್ರೆ ನಾಲ್ಕು ವರ್ಷದ ಸರ್ವಿಸ್ ದಾಖಲೆ ಇರಲಿಲ್ಲ. ಬಿಟ್ಟೆ.

ಹೋಂಡಾ ಅಕಾರ್ಡ್ 2.4 ಎಂಜಿನ್ನಿನಲ್ಲಿ ಗಟ್ಟಿ, ರೇಟೂ ಕಮ್ಮಿ. ಆದ್ರೆ ಅಕಾರ್ಡ್ ಈಗ ಇಲ್ಲಿ ಮಾರಾಟದಲ್ಲಿಲ್ಲ, ಬಂಪರ್ರು-ಲೈಟಿನಂಥ ಭಾಗಕ್ಕೆ ಕಾಯಬೇಕು. ಹಿಂದೆ ಕೂರೋರು ಇಬ್ಬರೇ, ರಸ್ತೇನೂ ಸುಮಾರಾಗಿದೆ ಅಂದ್ರೆ ಕೊರೊಲಾ ಆಲ್ಟಿಸ್ ಸಾಕು. ಅದೂ 2020ರಲ್ಲಿ ನಿಂತುಹೋಯ್ತು, ಆದ್ರೆ ಅದನ್ನ ಬಿಚ್ಚಿ ಜೋಡಿಸಿದ ಮೆಕ್ಯಾನಿಕ್‌ಗಳು ಬೇಕಾದಷ್ಟು ಜನ ಇದಾರೆ. ಕ್ಯಾಮ್ರಿ ಹೈಬ್ರಿಡ್ 2013ರಿಂದ ನಮ್ಮ ಬಿಡದಿಯಲ್ಲೇ ಜೋಡಣೆ ಆಗಿದ್ದು, ಊರೊಳಗೆ ಪೆಟ್ರೋಲ್ ಉಳಿಸುತ್ತೆ. ಆದ್ರೆ ದೊಡ್ಡ ಬ್ಯಾಟರಿಯ ಆರೋಗ್ಯ ಪರೀಕ್ಷೆ ಮಾಡಿಸದೆ ಮುಟ್ಟಬೇಡ, ಬದಲಾಯಿಸೋದು ಲಕ್ಷಗಳ ಮಾತು. ಅದಕ್ಕೇ ನಾನು ಸಾದಾ 2.5 ಪೆಟ್ರೋಲ್ ಆಯ್ಕೆ ಮಾಡ್ಕೊಂಡೆ. ಮೈಲೇಜು ಊರಲ್ಲಿ ಎಂಟು, ಹೈವೇಲಿ ಹನ್ನೆರಡು. ಸುಳ್ಳು ಹೇಳಲ್ಲ, ಪೆಟ್ರೋಲ್ ಬಂಕಲ್ಲಿ ಹೊಟ್ಟೆ ಉರಿಯುತ್ತೆ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡೋ ನನಗೆ ತಡೆಯುತ್ತೆ. ಮೂರು ಸಾವಿರ ಓಡೋನು ನೀನಾದ್ರೆ ನಿನ್ನ ಲೆಕ್ಕ ಬೇರೆ.

ಆರಾಮ ಅನ್ನೋದು ಬರೀ ಸೀಟಲ್ಲಿಲ್ಲ, ಟೈರಲ್ಲೂ ಇದೆ. 18 ಇಂಚಿನ ಚಕ್ರಕ್ಕೆ ತೆಳ್ಳನೆ ಟೈರು ಹಾಕಿದ ಗಾಡಿ ಫೋಟೊಗೆ ಚೆಂದ, ನಮ್ಮ ಹಳ್ಳಿ ರಸ್ತೇಲಿ ಪ್ರತಿ ಹೊಂಡನೂ ಬೆನ್ನಿಗೆ ಲೆಕ್ಕ ಕೊಡುತ್ತೆ. ನನ್ನ ಗಾಡಿಯದು 16 ಇಂಚು, ದಪ್ಪ ಟೈರು. ಕೆಲವು ಜರ್ಮನ್ ಗಾಡಿಗಳಿಗೆ ಬರೋ ರನ್-ಫ್ಲಾಟ್ ಟೈರು ಗಡುಸು, ದುಬಾರಿ ಕೂಡ. ಇನ್ನೊಂದು, ಉದ್ದದ ಸೆಡಾನ್ ಹಂಪಲ್ಲಿ ಹೊಟ್ಟೆ ಉಜ್ಜುತ್ತೆ. ಒಬ್ಬನೇ ಓಡಿಸಿ ನೋಡಬೇಡ, ಐದು ಜನ ಕೂತು ನಿಮ್ಮೂರಿನ ಹಂಪು ದಾಟಿಸಿ ನೋಡು.

ನೋಡೋಕೆ ಹೋದಾಗ ಎಂಜಿನ್ ತಣ್ಣಗಿರಬೇಕು. ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ರೆ ಏನೋ ಮುಚ್ಚಿಡ್ತಿದಾನೆ. ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದ್ರೆ ಎಂಜಿನ್ ಆಯಿಲ್ ಸುಡ್ತಿದೆ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಿ ಆರಬೇಕು, ಹತ್ತದೇ ಇದ್ರೆ ಬಲ್ಬ್ ಕಿತ್ತಿರಬಹುದು. ಸೀಟ್ ಬೆಲ್ಟನ್ನ ಕೊನೇವರೆಗೂ ಎಳಿ, ಕೆಸರಿನ ಗೆರೆ ಕಂಡ್ರೆ ಅದು ನೀರಲ್ಲಿ ಮುಳುಗಿದ ಗಾಡಿ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತೆ, 2319 ಅಂದ್ರೆ 2019ರ 23ನೇ ವಾರದ್ದು. ಮೀಟರ್ ನಂಬಬೇಡ, ಸರ್ವಿಸ್ ದಾಖಲೆ ನಂಬು. ಸ್ಟೀರಿಂಗ್ ಸವೆದು ಹೊಳೀತಿದ್ದು ಮೀಟರ್ ನಲವತ್ತು ಸಾವಿರ ತೋರಿಸಿದ್ರೆ ಯಾವುದು ಸುಳ್ಳು ಅಂತ ನೀನೇ ಹೇಳು. ಕೊನೆಗೆ ನಿನ್ನ ಕಡೆಯ ಮೆಕ್ಯಾನಿಕ್ಕಿಂದ ಸ್ಕ್ಯಾನರ್ ಹಾಕಿಸು. ಆ ಸಾವಿರ-ಎರಡು ಸಾವಿರಕ್ಕೆ ಚೌಕಾಸಿ ಬೇಡ.

ಕಾಗದದಲ್ಲಿ ನಮ್ಮವರು ಮೋಸ ಹೋಗೋದು ಜಾಸ್ತಿ. ಸಾಲ ಇದ್ದ ಗಾಡಿಯಾದ್ರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಬೇಕು. ಹೆಸರು ವರ್ಗಾವಣೆಗೆ ಫಾರ್ಮ್ 29, 30. ಹೊರ ರಾಜ್ಯದ್ದಾದ್ರೆ ಫಾರ್ಮ್ 28ರ ಎನ್‌ಒಸಿ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ನಿರ್ಬಂಧದ ಆದೇಶ ಬಂದಾಗಿಂದ ಅಲ್ಲಿನ ಗಾಡಿಗಳು ಅಗ್ಗಕ್ಕೆ ಇಲ್ಲಿಗೆ ಬರ್ತಿವೆ. ಆದ್ರೆ ನಮ್ಮ ರಾಜ್ಯದ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಗಾಡಿಯ ವಯಸ್ಸಿಗೆ ತಕ್ಕಂತೆ ಕಮ್ಮಿಯಾದ್ರೂ ದುಬಾರಿ ಕಾರಿಗೆ ಅದು ದೊಡ್ಡ ಮೊತ್ತವೇ. ಅದನ್ನ ಸೇರಿಸಿದ್ರೆ ಅಗ್ಗ ಅಗ್ಗವಾಗಿ ಉಳಿಯಲ್ಲ. ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಫಿಟ್ನೆಸ್ ಮಾಡಿಸಿ ನವೀಕರಿಸಬೇಕು. ನನ್ನದು 2028ಕ್ಕೆ. ಇನ್ಶೂರೆನ್ಸ್ 14 ದಿನದೊಳಗೆ ನಿನ್ನ ಹೆಸರಿಗೆ ಮಾಡಿಸು. ಹಳೇ ಓನರಿನ ನೋ-ಕ್ಲೇಮ್ ಬೋನಸ್ ನಿನಗೆ ಬರಲ್ಲ.

ನಾಲ್ಕು ತಿಂಗಳಲ್ಲಿ ಎಷ್ಟು ಬ್ರೋಕರ್‌ಗಳನ್ನ ಕಂಡೆ ಅಂದ್ರೆ! ಗಾಡಿ ಓಡಿಸೋಳು ನಾನು, ದುಡ್ಡು ಕೊಡೋಳು ನಾನು, ಮಾತಾಡಿದ್ದೆಲ್ಲ ಜೊತೆಗೆ ಬಂದ ನನ್ನ ತಂಗಿ ಮಗನ ಹತ್ರ. ಒಬ್ಬನಂತೂ ಊರು ಕೇಳಿದ, ಬೀದಿ ಕೇಳಿದ, ಆಮೇಲೆ "ಯಾರ ಪೈಕಿ?" ಅಂದ. "ಕಾರಿಗೆ ಅದು ಯಾವ ಫಾರ್ಮಲ್ಲಿ ಬರುತ್ತಪ್ಪಾ, 29ರಲ್ಲಾ 30ರಲ್ಲಾ?" ಅಂದೆ. ಅಲ್ಲಿಂದ ಎದ್ದು ಬಂದೆ, ಗಾಡಿ ಚೆನ್ನಾಗೇ ಇತ್ತು.

ಇನ್ನು ಆ ಫೋಟೊ. ನೀವು ನೋಡಿದ್ದು ಎರಡನೇದು. ಮೊದಲನೇದನ್ನ ನಾನು ಹಾಕಲಿಲ್ಲ. ಅದರಲ್ಲಿ ಅವ್ವ ಅಷ್ಟು ಅಗಲದ ಸೀಟಿನ ತುದೀಲಿ ಕೂತಿದಾಳೆ, ಬೆನ್ನು ತಾಗಿಸಿಲ್ಲ, ಸೆರಗು ಮುದುಡಿ ಹಿಡಿದಿದಾಳೆ. ಬೇರೆಯವರ ಕೊಟ್ಟಿಗೆ ಬಾಚಿ, ಜಗುಲಿ ಕೆಳಗೆ ನಿಂತೇ ಕೂಲಿ ಇಸ್ಕೊಂಡವಳು. ಎಲ್ಲಿ ಕೂತ್ರೂ ಯಾರೋ ಬಂದು ಏಳು ಅಂತಾರೆ ಅನ್ನೋ ಹಂಗೆ ಕೂರೋದು ಮೈಗೆ ಅಂಟಿಬಿಟ್ಟಿದೆ. "ಒರಗಿ ಕೂತ್ಕೊಳವ್ವ" ಅಂದೆ. "ಕೊಳೆಯಾಗಲ್ವಾ?" ಅಂದ್ಲು. "ಆಗ್ಲಿ, ನಮ್ದೇ ತಾನೆ" ಅಂದೆ. ನಂಜನಗೂಡು ದಾಟೋ ಹೊತ್ತಿಗೆ ತಿರುಗಿ ನೋಡಿದ್ರೆ ಒರಗಿಕೊಂಡು ನಿದ್ದೆ ಹೋಗಿದ್ಲು.

ಸರಳತೆ ಹೇಳಿದ ಗೆಳೆಯರು ಒಂದ್ಸಲ ಬನ್ನಿ, ಅವ್ವನ ಪಕ್ಕ ಜಾಗ ಇದೆ. ತಮ್ಮಾ, ನೀನು ಅಡ್ವಾನ್ಸ್ ಕೊಡೋ ಮುಂಚೆ ಗಾಡಿ ತಗೊಂಡು ನಮ್ಮನೆ ಹತ್ರ ಬಾ, ನಮ್ಮ ಕೇರಿಯ ಮೆಕ್ಯಾನಿಕ್ ಹುಡುಗನ ಕೈಲಿ ತೋರಿಸೋಣ. ಬೆಂಜೇ ಆದ್ರೂ ಸರಿ, ಬಿಲ್ಲು ನಿನ್ನ ಜೇಬಿಂದ ಕಟ್ಟೋ ಹಂಗಿದ್ರೆ ಮೊದಲ ಹಾರ ನಾನೇ ಹಾಕ್ತೀನಿ.

ಜೈಭೀಮ್.