ಹಾಡು ಕೇಳಲು ಯೋಗ್ಯತಾಪತ್ರ ಬೇಕೇ?

2025ರ ಜನವರಿಯಲ್ಲಿ ನವಿ ಮುಂಬಯಿಯ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿ 'ಕೋಲ್ಡ್‌ಪ್ಲೇ' ಎಂಬ ವಿಲಾಯತಿ ತಂಡದ ರಾಕ್ ಸಂಗೀತ ನಡೆಯಿತು. ನಮ್ಮ ಸಂಘದ ಮೂವರು ತರುಣರೂ ನಾನೂ ಅದಕ್ಕೆ ಹೋಗಿದ್ದೆವು. ಆ ಕುರಿತ ಮಾತು ಇನ್ನೂ ನಿಂತಿಲ್ಲ. "ದುಡಿಯುವವರಿಗೆ ಶ್ರೀಮಂತರ ಶೋಕಿ ಏಕೆ?" ಎಂದು ಹಿರಿಯರು ಗದರುತ್ತಾರೆ. "ಇವರಿಗೆ ಗೊತ್ತಿರುವುದು ಎರಡು ಹಾಡು, ಅದರ ಅರ್ಥವೂ ಪೂರ್ತಿ ತಿಳಿಯದು" ಎಂದು ಕಾಲೇಜು ಕಲಿತವರು ನಗುತ್ತಾರೆ. ದುಡಿಯುವವನ ಬಿಡುವಿನ ಪ್ರಶ್ನೆ ಇದರಲ್ಲಿ ಅಡಗಿರುವುದರಿಂದ ಇಬ್ಬರಿಗೂ ಉತ್ತರ ಕೊಡಬೇಕಾಗಿದೆ.

ನಗುವವರಿಗೆ ಮೊದಲು. ಹೌದು, ನನಗೆ ಗೊತ್ತಿದ್ದುದು ಎರಡೋ ಮೂರೋ ಹಾಡು. ಆದರೆ ನಮ್ಮ ಊರಿನ ಗದ್ದೆಯಲ್ಲಿ ಹರಕೆಯ ಆಟ ನಡೆದಾಗ ಬಂದು ಕೂತವರೆಲ್ಲರೂ ರಾಗ ತಾಳ ಬಲ್ಲವರಾಗಿದ್ದರೇ? ಚಾಪೆ ಹಾಸಿ ಮಲಗಿ, ಮಹಿಷಾಸುರ ಅಬ್ಬರಿಸುತ್ತ ಬರುವಾಗ ಮಾತ್ರ ಎದ್ದು ಕೂತವನೂ ಆಟ ನೋಡಿದವನೇ. "ನಿನಗೆ ಎಷ್ಟು ಪ್ರಸಂಗ ಗೊತ್ತು?" ಎಂದು ಅವನನ್ನು ಯಾರೂ ಪರೀಕ್ಷೆ ಮಾಡಲಿಲ್ಲ. ಹೆಚ್ಚು ಬಲ್ಲವನಿಗೆ ಹೆಚ್ಚು ಸುಖ ಸಿಗಬಹುದು. ಸ್ವಲ್ಪ ಬಲ್ಲವನು ಬರಲೇಬಾರದೆಂಬ ಕಟ್ಟಳೆ ಯಾವ ಕಲೆಯಲ್ಲೂ ಇಲ್ಲ.

ಅಲ್ಲಿ ಕಂಡದ್ದನ್ನೂ ಹೇಳುತ್ತೇನೆ. ಬಂದವರ ಮಣಿಕಟ್ಟಿಗೆಲ್ಲ ಒಂದೊಂದು ಪಟ್ಟಿ ಕೊಡುತ್ತಾರೆ, ಹೋಗುವಾಗ ಹಿಂದಕ್ಕೆ ಕೊಡಬೇಕು. ಅದರೊಳಗೆ ಸಣ್ಣ ದೀಪಗಳು. ತಂಡದವರು ದೂರದಿಂದಲೇ ಸಂಕೇತ ಕಳಿಸಿ ಅವನ್ನು ಹಾಡಿಗೆ ತಕ್ಕಂತೆ ಕೆಂಪು, ಹಳದಿ, ನೀಲಿಯಾಗಿ ಬೆಳಗಿಸುತ್ತಾರೆ. ಸಾವಿರಾರು ಕೈಗಳು ಒಮ್ಮೆಲೇ ಹೊಳೆದಾಗ ಕ್ರೀಡಾಂಗಣ ದೀಪೋತ್ಸವದ ಕೆರೆಯಂತೆ ಕಾಣುತ್ತದೆ. ಡೋಲಿನ ಪೆಟ್ಟು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಗೊತ್ತಿಲ್ಲದ ಹಾಡಿಗೆ ನಾವು ಚಪ್ಪಾಳೆ ತಟ್ಟಿದೆವು, ಗೊತ್ತಿದ್ದ ಹಾಡಿಗೆ ಗಂಟಲು ಬಿಚ್ಚಿ ಕೂಗಿದೆವು. ಪಕ್ಕದಲ್ಲಿದ್ದ ಅಪರಿಚಿತರು ನಮ್ಮ ಹೆಗಲ ಮೇಲೆ ಕೈಹಾಕಿ ಕುಣಿದರು. ಯಾವ ಹೋಟೇಲಿನವರು, ಯಾವ ಆಫೀಸಿನವರು ಎಂದು ಕೇಳಲಿಲ್ಲ. ದಿನಕ್ಕೆ ನೂರು ಸಲ "ಏ ಹುಡುಗಾ" ಎಂದು ಕರೆಸಿಕೊಳ್ಳುವವನಿಗೆ ಇದು ಸಣ್ಣ ಸಂಗತಿಯಲ್ಲ.

ಇನ್ನು ಹಿರಿಯರ ಮಾತು. ಶ್ರೀಮಂತರ ಶೋಕಿ ಎಂಬುದರಲ್ಲಿ ಸತ್ಯಾಂಶವಿದೆ. ಆದರೆ ದೋಷ ಹಾಡಿನದಲ್ಲ, ಬಾಗಿಲಿನದು. ಟಿಕೆಟಿನ ದರ 2,500 ರೂಪಾಯಿಯಿಂದ 35,000ದ ವರೆಗೆ ಇತ್ತು. ತಿಂಗಳಿಗೆ 15,000 ಸಂಬಳ ಪಡೆಯುವವನಿಗೆ ತೀರ ಅಗ್ಗದ ಟಿಕೆಟು ಎಂದರೂ ಐದು ದಿನದ ದುಡಿಮೆ. ಅದಾದರೂ ಸುಲಭವಾಗಿ ಸಿಕ್ಕಿತೇ? ಮಾರಾಟ ತೆರೆದದ್ದು 2024ರ ಸೆಪ್ಟೆಂಬರ್ 22, ಭಾನುವಾರ, ಮಧ್ಯಾಹ್ನ 12 ಗಂಟೆಗೆ. ಅದೂ ಫೋನು, ಕಂಪ್ಯೂಟರುಗಳ ಮೂಲಕ. ಭಾನುವಾರದ ಊಟದ ಹೊತ್ತಿನಲ್ಲಿ ತಾಟು ಬಿಟ್ಟು ಫೋನು ಹಿಡಿಯುವ ಹೋಟೇಲು ಕಾರ್ಮಿಕ ಎಲ್ಲಿದ್ದಾನೆ? ನಮ್ಮಲ್ಲಿ ಒಬ್ಬನ ವಾರದ ರಜೆ ಅಂದೇ ಬಿದ್ದಿತ್ತು. ಮೊದಲ ಎರಡು ದಿನದ ಟಿಕೆಟು ಮುಗಿದ ಮೇಲೆ ಸೇರಿಸಿದ ಮೂರನೆಯ ದಿನಕ್ಕೆ, 21ನೆಯ ತಾರೀಕಿನ ಮಂಗಳವಾರಕ್ಕೆ, ಅವನಿಂದಾಗಿ ನಾಲ್ಕು ಟಿಕೆಟು ದೊರೆಯಿತು. ಶನಿವಾರ ಭಾನುವಾರ ದೊರೆತಿದ್ದರೂ ನಮಗೆ ರಜೆ ಯಾರು ಕೊಡುತ್ತಿದ್ದರು?

ಅತ್ತ ಅದೇ ಟಿಕೆಟುಗಳಿಗೆ ಕಾಳಸಂತೆಯಲ್ಲಿ ಲಕ್ಷ ರೂಪಾಯಿಯ ಬೆಲೆ ಹೇಳತೊಡಗಿದರು. ಮುಂಬಯಿ ಪೋಲೀಸರ ಆರ್ಥಿಕ ಅಪರಾಧ ವಿಭಾಗ ವಿಚಾರಣೆಗೆ ಇಳಿಯಿತು. ಅಕ್ಟೋಬರಿನಲ್ಲಿ ಜಾರಿ ನಿರ್ದೇಶನಾಲಯದವರು ಹಲವು ನಗರಗಳಲ್ಲಿ ಶೋಧ ನಡೆಸಿದರು. ಹಾಡುವವನೂ ಅಲ್ಲದ, ಕೇಳುವವನೂ ಅಲ್ಲದ ದಲ್ಲಾಳಿ ನಡುವೆ ನಿಂತು ಲಾಭ ಹೊಡೆಯುವುದು ಅಕ್ಕಿಯ ವ್ಯಾಪಾರದಲ್ಲಿ ತಪ್ಪಾದರೆ ಸಂಗೀತದಲ್ಲಿ ಹೇಗೆ ಸರಿಯಾದೀತು?

ಮತ್ತೊಂದು ಮಾತನ್ನು ಸಂಘದವನಾಗಿ ಹೇಳಲೇಬೇಕು. ಅಂದು ನೀರು, ತಿಂಡಿ ಮಾರುತ್ತಿದ್ದ ಹುಡುಗರು, ಬಾಗಿಲು ಕಾಯುವವರು, ಕಸ ಗುಡಿಸುವವರು ಹಾಡಿಗೆ ಬೆನ್ನು ಹಾಕಿ ನಿಂತಿದ್ದರು. ಜನ ಹೋದ ಮೇಲೆ ಅವರ ಕೆಲಸ ಇನ್ನೂ ಉಳಿದಿತ್ತು. ಅವರಿಗೆ ಹೆಚ್ಚಿನ ಹೊತ್ತಿನ ಕೂಲಿ, ರಾತ್ರಿ ಮನೆ ಸೇರಲು ವಾಹನ ಸಿಗುವಂತೆ ನೋಡುವುದು ಸಂಗೀತ ಏರ್ಪಡಿಸುವವರ ಹೊಣೆ.

1886ರಲ್ಲಿ ಶಿಕಾಗೋದ ಕಾರ್ಮಿಕರು ಎಂಟು ಗಂಟೆಯ ದಿನಕ್ಕಾಗಿ ಹೋರಾಡಿದಾಗ ಅವರ ಲೆಕ್ಕ ಸರಳವಾಗಿತ್ತು: ಎಂಟು ಗಂಟೆ ದುಡಿಮೆ, ಎಂಟು ಗಂಟೆ ವಿಶ್ರಾಂತಿ, ಎಂಟು ಗಂಟೆ ನಮ್ಮ ಇಷ್ಟಕ್ಕೆ. ಮೊದಲ ಎರಡನ್ನು ನಾವು ಬಾಯಿಪಾಠ ಮಾಡಿದ್ದೇವೆ, ಮೂರನೆಯದನ್ನು ಮರೆತಿದ್ದೇವೆ. ಆ ಎಂಟು ಗಂಟೆಯಲ್ಲಿ ಒಬ್ಬ ಭಜನೆಗೆ ಹೋಗಲಿ, ಒಬ್ಬ ತಾಳಮದ್ದಳೆಗೆ ಹೋಗಲಿ, ಒಬ್ಬ ರಾಕ್ ಸಂಗೀತಕ್ಕೆ ಹೋಗಲಿ, ಆಯ್ಕೆ ಅವನದು.

ಆದುದರಿಂದ ನಮ್ಮ ಬೇಡಿಕೆ ಇಷ್ಟು. ಇಂಥ ದೊಡ್ಡ ಕಚೇರಿಗಳಲ್ಲಿ ಒಂದು ಪಾಲು ಟಿಕೆಟು ಕಾರ್ಮಿಕರಿಗೂ ವಿದ್ಯಾರ್ಥಿಗಳಿಗೂ ಕಡಿಮೆ ದರದಲ್ಲಿ ಮೀಸಲಿರಲಿ. ಕೊಂಡವನ ಹೆಸರು ಟಿಕೆಟಿನ ಮೇಲಿರಲಿ. ಹೆಚ್ಚಿನ ಬೆಲೆಗೆ ಮರುಮಾರಾಟ ನಿಲ್ಲಲಿ. ನಮ್ಮ ಧಣಿಗಳು ವಾರದ ರಜೆಯ ಪಟ್ಟಿಯನ್ನು ತಿಂಗಳ ಮೊದಲೇ ಗೋಡೆಗೆ ಅಂಟಿಸಲಿ. ಯಾರ ರಜೆ ಯಾವಾಗ ಎಂದು ಗೊತ್ತಿದ್ದರೆ ಮನುಷ್ಯ ಒಂದು ಸಂಜೆಯನ್ನಾದರೂ ತನ್ನದೆಂದು ಎಣಿಸಿಕೊಳ್ಳುತ್ತಾನೆ. ಈ ಕೊನೆಯ ಬೇಡಿಕೆಗೆ ಯಾವ ಸರಕಾರದ ಅಪ್ಪಣೆಯೂ ಬೇಡ, ಹೆಚ್ಚಿನ ಖರ್ಚೂ ಇಲ್ಲ. ಸದಸ್ಯರು ತಮ್ಮ ತಮ್ಮ ಹೋಟೇಲುಗಳಲ್ಲಿ ಈ ವಾರವೇ ಕೇಳಲಿ.